ಪೆಟ್ಟಿಗೆ ಬಿಸಾಡಬೇಡಿ, ಆದರೆ ಮೊದಲು ಬಟ್ಟಲು ನೋಡಿ

ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯೇ ಹೆಚ್ಚು. ಆದರೆ ಈಚೆಗೆ ಪುಣೆಯಿಂದ ಬಂದ ಒಂದು ಪತ್ರ ಬೇರೆ ಥರದ್ದು. ಜಪಾನಿನಲ್ಲಿ ಕೆಲಸದಲ್ಲಿರುವ ಮಗ ರಜೆಗೆ ಬಂದಾಗ ಅಮ್ಮನಿಗೆ ಅಂತ ಒಂದು ಮಣ್ಣಿನ ಚಹಾ ಬಟ್ಟಲು ತಂದಿದ್ದಾನೆ. ಬಟ್ಟಲು ಅಂಕುಡೊಂಕು, ಹಿಡಿ ಇಲ್ಲ, ಸಾಸರ್ ಇಲ್ಲ. ಅದು ಬಂದಿರುವ ಮರದ ಪೆಟ್ಟಿಗೆಯೇ ಬಟ್ಟಲಿಗಿಂತ ದೊಡ್ಡದು, ಮುಚ್ಚಳದ ಮೇಲೆ ಶಾಯಿಯಲ್ಲಿ ಏನೋ ಗೀಚಿದೆ. "ನಮ್ಮದು ಒಂದು ಬೆಡ್‌ರೂಮಿನ ಮನೆ. ಬಟ್ಟಲು ಶೋಕೇಸಿನಲ್ಲಿಟ್ಟು ಪೆಟ್ಟಿಗೆಯನ್ನು ಹಳೇ ಸಾಮಾನಿನವನಿಗೆ ಕೊಡಬಹುದೇ?" ಎಂಬುದು ಅವರ ಪ್ರಶ್ನೆ.

ದಯವಿಟ್ಟು ಕೊಡಬೇಡಿ! ಆ ಪೆಟ್ಟಿಗೆ ಹೋದರೆ ಬಟ್ಟಲಿನ ಬೆಲೆಯ ದೊಡ್ಡ ಪಾಲು ಅದರ ಜೊತೆಗೇ ಹೋಗುತ್ತದೆ. ಏಕೆ ಅಂತ ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ರೇಡಿಯೋದಲ್ಲಾದರೆ ಎರಡು ಹಾಡಿನ ನಡುವೆ ಎರಡು ನಿಮಿಷ ಸಿಗುತ್ತದೆ, ಇಲ್ಲಿ ಪುಣ್ಯಕ್ಕೆ ಜಾಗ ಇದೆ.

ಜಪಾನಿನ ಚಹಾ ಬಟ್ಟಲಿಗೆ ಚವಾನ್ ಅಂತ ಹೆಸರು. ಸುಮಾರು ಹನ್ನೆರಡು ಸೆಂಟಿಮೀಟರ್ ಅಗಲ, ಏಳೆಂಟು ಸೆಂಟಿಮೀಟರ್ ಎತ್ತರ. ನಮ್ಮ ಕಟಿಂಗ್ ಚಾಯ್ ಗ್ಲಾಸಿನಂಥ ನಾಲ್ಕು ಗ್ಲಾಸು ಚಹಾ ಇದರಲ್ಲಿ ಹಿಡಿಸೀತು. ಆದರೆ ಅವರು ಹಾಕುವುದು ಎರಡು ಗ್ರಾಮಿನಷ್ಟು ಮಾಚಾ ಎಂಬ ಹಸಿರು ಚಹಾ ಪುಡಿ, ಒಂದೆರಡು ಗುಟುಕಿನಷ್ಟು ಬಿಸಿನೀರು, ಅಷ್ಟೇ. ಅದನ್ನು ಬಿದಿರಿನ ಪುಟ್ಟ ಕಡೆಗೋಲಿನಿಂದ ಬಟ್ಟಲಿನಲ್ಲೇ ಕಡೆದು ನೊರೆ ಬರಿಸುತ್ತಾರೆ. ಅಷ್ಟು ಅಗಲ ಯಾಕೆಂದರೆ ಕಡೆಗೋಲು ಆಡಬೇಕಲ್ಲ. ಚಹಾ ಗಟ್ಟಿಯಾಗಿದ್ದರೆ ಒಂದೇ ಬಟ್ಟಲಿನಿಂದ ಎಲ್ಲ ಅತಿಥಿಗಳೂ ಸರದಿಯ ಮೇಲೆ ಕುಡಿಯುತ್ತಾರೆ. ಕುಡಿದ ಮೇಲೆ ಬಟ್ಟಲನ್ನು ಹಾಗೇ ಇಟ್ಟು ಎದ್ದು ಹೋಗುವಂತಿಲ್ಲ. ಚಾಪೆಯ ಮೇಲೆ ಬಗ್ಗಿ, ಎರಡು ಕೈಯಲ್ಲಿ ನೆಲದಿಂದ ಸ್ವಲ್ಪವೇ ಎತ್ತಿ, ತಿರುಗಿಸಿ, ಅಡಿಯನ್ನೂ ನೋಡಿ, ಮಾಡಿದವರು ಯಾರು, ಇದಕ್ಕೆ ಹೆಸರಿದೆಯೇ ಎಂದು ಕೇಳುವುದು ಅಲ್ಲಿಯ ಮರ್ಯಾದೆ. ಹೌದು, ಒಳ್ಳೆಯ ಬಟ್ಟಲುಗಳಿಗೆ ನಾಮಕರಣವೂ ಆಗಿರುತ್ತದೆ.

ಬಟ್ಟಲು ಸಂಗ್ರಹಿಸುವ ಹುಚ್ಚು ಹುಟ್ಟಿದ್ದು ಹೀಗೆ, ಕುಡಿಯುವ ಕೋಣೆಯಲ್ಲೇ. 16ನೇ ಶತಮಾನದಲ್ಲಿ ಸೆನ್ ನೊ ರಿಕ್ಯು ಎಂಬ ಚಹಾ ಗುರು ಇದ್ದ. 1522ರಲ್ಲಿ ಹುಟ್ಟಿದವನು. ಅವನಿಗಿಂತ ಮುಂಚೆ ಶ್ರೀಮಂತರು ಚೀನಾದಿಂದ ಬಂದ ಹೊಳೆಯುವ ಬಟ್ಟಲುಗಳಿಗೆ ಮುಗಿಬೀಳುತ್ತಿದ್ದರು. ರಿಕ್ಯು ಕ್ಯೋತೋದಲ್ಲಿ ಹೆಂಚು ಮಾಡುತ್ತಿದ್ದ ಚೋಜಿರೋ ಎಂಬ ಕುಂಬಾರನ ಕೈಯಲ್ಲಿ ತನ್ನ ಮನಸ್ಸಿನ ಬಟ್ಟಲು ಮಾಡಿಸಿದ. ತಿಗರಿ ಬೇಡ, ಬರೀ ಕೈಯಲ್ಲಿ ಒತ್ತಿ ಎತ್ತಿ, ಚಾಕುವಿನಿಂದ ಹೆರೆದು ಮಾಡಿದ ಕಪ್ಪು, ಕೆಂಪು ಬಟ್ಟಲು. ಚಿತ್ರವಿಲ್ಲ, ಮಿಂಚಿಲ್ಲ. ಕಪ್ಪು ಬಟ್ಟಲನ್ನು ಆವಿಗೆಯೊಳಗೆ ಕೆಂಡದಂತಿರುವಾಗಲೇ ಇಕ್ಕಳದಲ್ಲಿ ಹಿಡಿದು ಹೊರಗೆ ಎಳೆಯುತ್ತಾರೆ. ಇದೇ ರಾಕು. ಆಗ ಜಪಾನನ್ನು ಆಳುತ್ತಿದ್ದ ಹಿದೆಯೊಶಿಗೆ ಕಪ್ಪು ಬಟ್ಟಲು ಹಿಡಿಸುತ್ತಿರಲಿಲ್ಲವಂತೆ. 1591ರಲ್ಲಿ ಅದೇ ಹಿದೆಯೊಶಿಯ ಅಪ್ಪಣೆಯಂತೆ ರಿಕ್ಯು ಪ್ರಾಣ ಕಳೆದುಕೊಳ್ಳಬೇಕಾಯಿತು. ಕಾರಣ ಬಟ್ಟಲು ಮಾತ್ರ ಅಲ್ಲ ಬಿಡಿ, ಅದು ಬೇರೆಯೇ ಕಥೆ.

ಚೋಜಿರೋನ ಮನೆತನ ಇಂದಿಗೂ ಕ್ಯೋತೋದಲ್ಲಿ ಬಟ್ಟಲು ಮಾಡುತ್ತಿದೆ. ಹದಿನೈದನೆಯ ತಲೆಮಾರಿನ ರಾಕು ಕಿಚಿಜೆಮೊನ್ 2019ರಲ್ಲಿ ಮನೆತನದ ಹೆಸರನ್ನು ಮಗನಿಗೆ ಬಿಟ್ಟುಕೊಟ್ಟು ಜಿಕಿನ್ಯು ಎಂಬ ಹೆಸರು ತಾಳಿದರು. ಈಗ ನಡೆಯುತ್ತಿರುವುದು ಹದಿನಾರನೆಯ ತಲೆಮಾರು. ಪ್ರತಿ ತಲೆಮಾರಿಗೂ ಮುದ್ರೆ ಬೇರೆ. ಅಕ್ಷರ ಒಂದೇ 'ರಾಕು', ಬರೆದ ರೀತಿ ಬೇರೆ. ಸಂಗ್ರಾಹಕರು ಅಡಿಯಲ್ಲಿರುವ ಮುದ್ರೆ ನೋಡಿಯೇ ಇದು ಇಂಥವರ ಕಾಲದ್ದು ಅನ್ನುತ್ತಾರೆ. ತಮಾಷೆ ಎಂದರೆ ಎಲ್ಲರಿಗಿಂತ ದೊಡ್ಡವನಾದ ಚೋಜಿರೋನ ಬಟ್ಟಲಿನಲ್ಲಿ ಮುದ್ರೆಯೇ ಇಲ್ಲ. ಹಾಗಾದರೆ ಅವನದೇ ಅಂತ ಗೊತ್ತಾಗುವುದು ಹೇಗೆ? ಪೆಟ್ಟಿಗೆಯಿಂದ! ರಿಕ್ಯುವಿನ ವಂಶದವರು, ರಾಕು ಮನೆತನದ ಮುಂದಿನವರು ಪೆಟ್ಟಿಗೆಯ ಮೇಲೆ ಬರೆದಿಟ್ಟ ಮಾತೇ ಸಾಕ್ಷಿ.

ಈಗ ಪುಣೆಯ ಅಮ್ಮನ ಪೆಟ್ಟಿಗೆಗೆ ಬರೋಣ. ಕುಂಬಾರನೇ ತನ್ನ ಬಟ್ಟಲಿಗೆ ಮಾಡಿಸಿ, ಮುಚ್ಚಳದ ಮೇಲೆ ಕುಂಚದಿಂದ ಬಟ್ಟಲಿನ ಹೆಸರು, ತನ್ನ ಹೆಸರು ಬರೆದು, ಕೆಂಪು ಮುದ್ರೆ ಒತ್ತಿದ ಪೆಟ್ಟಿಗೆಗೆ ತೊಮೊಬಾಕೊ ಎನ್ನುತ್ತಾರೆ. ಹೆಚ್ಚಾಗಿ ಪಾವ್ಲೋನಿಯಾ ಎಂಬ ಹಗುರ ಮರದ್ದು, ಮೊಳೆ ಕಾಣದು, ಹತ್ತಿಯ ಪಟ್ಟಿಯಿಂದ ಕಟ್ಟಿರುತ್ತದೆ. ಒಳಗೆ ಕುಂಬಾರನ ಮುದ್ರೆಯಿರುವ ಹಳದಿ ಬಟ್ಟೆಯೋ, ಅವರ ಪರಿಚಯದ ಚೀಟಿಯೋ ಇರಬಹುದು. ಅದನ್ನೂ ಬಿಸಾಡಬೇಡಿ. ಕುಂಬಾರ ತೀರಿಕೊಂಡ ಮೇಲೆ ಮಗನೋ ಮೊಮ್ಮಗನೋ 'ಇದು ನಮ್ಮ ತಂದೆಯದೇ' ಎಂದು ಬರೆದುಕೊಟ್ಟ ಪೆಟ್ಟಿಗೆ ಇನ್ನೊಂದು ಬಗೆ. ಚಹಾ ಪರಂಪರೆಯ ಪೀಠಾಧಿಪತಿಯಂಥವರು, ಅಂದರೆ ಸೆನ್ ಮನೆತನದ ಮೂರು ಶಾಖೆಗಳ ಗುರುಗಳು, ಹೆಸರಿಟ್ಟು ಸಹಿ ಹಾಕಿದ್ದರೆ ಬೆಲೆ ಎಲ್ಲಿಗೋ ಏರುತ್ತದೆ. ಕೊನೆಯದು ಯಾವುದೋ ಬಟ್ಟಲಿಗೆ ಯಾವುದೋ ಪೆಟ್ಟಿಗೆ ಹೊಂದಿಸಿದ್ದು. ಅದಕ್ಕೆ ರಕ್ಷಣೆಯ ಬೆಲೆ ಮಾತ್ರ, ಸಾಕ್ಷಿಯ ಬೆಲೆ ಇಲ್ಲ.

ಆಧುನಿಕ ಕಾಲದ ಇಬ್ಬರು ಮಹಾ ಕುಂಬಾರರ ವಿಷಯದಲ್ಲಂತೂ ಪೆಟ್ಟಿಗೆಯೇ ಸರ್ವಸ್ವ. ಒಬ್ಬರು ಮಾಶಿಕೊ ಊರಿನ ಹಮಾದಾ ಶೋಜಿ, 1894ರಿಂದ 1978. ಇನ್ನೊಬ್ಬರು ಕ್ಯೋತೋದ ಕವಾಯ್ ಕಂಜಿರೋ, 1890ರಿಂದ 1966. ಕೈ ಹೇಳಬೇಕು, ಹೆಸರಲ್ಲ ಎಂಬುದು ಇವರ ನಿಲುವು. ಹಾಗಾಗಿ ಮಾಶಿಕೊದಲ್ಲಿ ನೆಲೆಸಿದ ಮೇಲೆ ಹಮಾದಾ ಬಟ್ಟಲಿಗೆ ಸಹಿ ಹಾಕಲಿಲ್ಲ, ಕವಾಯ್ ಕೂಡ ಹಾಕಲಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಬರೆದುಕೊಡುತ್ತಿದ್ದರು. ಹೆಸರು ಬೇಡವೆಂದವರ ಬಟ್ಟಲನ್ನು ಇಂದು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕೊಳ್ಳುತ್ತೇವೆ. ಕವಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸರ್ಕಾರ ಕೊಡಲು ಬಂದ 'ಜೀವಂತ ರಾಷ್ಟ್ರೀಯ ನಿಧಿ' ಗೌರವವನ್ನೇ ಬೇಡವೆಂದರು.

ಆ ಗೌರವದ ಬಗ್ಗೆ ಒಂದು ಮಾತು. ಅಂಗಡಿಯವರು ಈ ಪದವನ್ನು ಬಹಳ ಬಳಸುತ್ತಾರೆ. ಜಪಾನಿನ ಕಾನೂನಿನ ಪ್ರಕಾರ ಇದು ಒಂದು ನಿರ್ದಿಷ್ಟ ಕೌಶಲ್ಯವನ್ನು ಉಳಿಸಿಕೊಂಡು ಬಂದವರಿಗೆ ಸಿಗುವ ಮಾನ್ಯತೆ. ವರ್ಷಕ್ಕೆ 20 ಲಕ್ಷ ಯೆನ್ ಸಹಾಯಧನವೂ ಉಂಟು. 1955ರ ಮೊದಲ ಪಟ್ಟಿಯಲ್ಲಿ ಹಮಾದಾ ಇದ್ದರು, ಶಿನೊ ಬಟ್ಟಲುಗಳ ಅರಕಾವಾ ತೊಯೊಜೊ ಇದ್ದರು. ಹಾಗಿ ಊರಿನ ಮಿವಾ ಕ್ಯುಸೆತ್ಸು ಮನೆತನದಲ್ಲಿ ಅಣ್ಣನಿಗೆ 1970ರಲ್ಲಿ, ತಮ್ಮನಿಗೆ 1983ರಲ್ಲಿ ಸಿಕ್ಕಿತು. ಆದರೆ ರಾಕು ಮನೆತನದ ಬಟ್ಟಲು ದುಬಾರಿಯಾಗಿರುವುದು ಈ ಬಿರುದಿನಿಂದಲ್ಲ. ಬಿರುದು ಇದ್ದರೆ ಶ್ರೇಷ್ಠ, ಇಲ್ಲದಿದ್ದರೆ ಕನಿಷ್ಠ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪೆಟ್ಟಿಗೆಗೆ ಇಷ್ಟು ಬೆಲೆ ಇದ್ದ ಮೇಲೆ ಮೋಸವೂ ಅಲ್ಲೇ ಹುಟ್ಟಬೇಕಲ್ಲವೇ? ಅಸಲಿ ಪೆಟ್ಟಿಗೆ, ನಕಲಿ ಬಟ್ಟಲು. ಬಟ್ಟಲು ಒಡೆದುಹೋಗಿ ಪೆಟ್ಟಿಗೆ ಉಳಿದಿರುತ್ತದೆ, ಅದರೊಳಗೆ ಇನ್ನೊಂದನ್ನು ಕೂರಿಸಿ ಮಾರುತ್ತಾರೆ. ಆದ್ದರಿಂದ ಬರಹ ಓದಿ: ಪೆಟ್ಟಿಗೆ 'ಕಪ್ಪು ಬಟ್ಟಲು' ಅನ್ನುತ್ತಿದೆ, ಒಳಗಿರುವುದು ಕೆಂಪು, ಅಂದರೆ ಅಲ್ಲಿಗೇ ಮುಗಿಯಿತು. ಪೆಟ್ಟಿಗೆಯ ಅಳತೆ ಬಟ್ಟಲಿಗೆ ಹೊಂದಬೇಕು. ಮುಚ್ಚಳದ ಮುದ್ರೆಯನ್ನು ಆ ಕುಂಬಾರರ ಪ್ರದರ್ಶನದ ಕ್ಯಾಟಲಾಗಿನಲ್ಲಿರುವ ಮುದ್ರೆಯ ಪಕ್ಕ ಇಟ್ಟು ನೋಡಿ. ಇಂಟರ್ನೆಟ್ ಹರಾಜಿನಲ್ಲಿ ಕೊಳ್ಳುವವರು ಅಡಿಯ ಫೋಟೋ ಕೊಡದ ಮಾರಾಟಗಾರನಿಂದ ದೂರ ಇರುವುದೇ ಕ್ಷೇಮ.

ತಜ್ಞರೂ ಬೀಳುತ್ತಾರೆ ಎಂಬುದಕ್ಕೆ ಒಂದು ಪ್ರಸಿದ್ಧ ಪ್ರಕರಣ ಇದೆ. ಬಟ್ಟಲಿನದ್ದಲ್ಲ, ಹೂಜಿಯದ್ದು, ಆದರೂ ಕೇಳಿ. 1294ನೇ ಇಸವಿಗೆ ಸಮನಾದ ಕಾಲ ಕೆತ್ತಿದ್ದ ಒಂದು ಹೂಜಿಯನ್ನು 1959ರಲ್ಲಿ ಜಪಾನ್ ಸರ್ಕಾರ ಮುಖ್ಯ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು. ಮರುವರ್ಷವೇ ಕತೋ ತೊಕುರೋ ಎಂಬ ದೊಡ್ಡ ಕುಂಬಾರರು, ಅದು ತಾವೇ ಮಾಡಿದ್ದು ಎಂದುಬಿಟ್ಟರು! ವೈಜ್ಞಾನಿಕ ಪರೀಕ್ಷೆ ನಡೆದು 1961ರಲ್ಲಿ ಘೋಷಣೆ ವಾಪಸ್ ಆಯಿತು. ಶಿಫಾರಸು ಮಾಡಿದ್ದ ವಿದ್ವಾಂಸ ಕೊಯಾಮಾ ಫುಜಿಯೊ ಕೆಲಸ ಬಿಟ್ಟರು. ಚೀನಾದ ಪ್ರಾಚೀನ ಆವಿಗೆಯನ್ನು ಹುಡುಕಿದ ಘನ ವಿದ್ವಾಂಸ ಅವರು. ಆಮೇಲೆ ಏನು ಮಾಡಿದರು ಗೊತ್ತೇ? ಯೌವನದಲ್ಲಿ ಬಿಟ್ಟಿದ್ದ ಮಣ್ಣನ್ನು ಮತ್ತೆ ಕೈಗೆತ್ತಿಕೊಂಡು ಬಟ್ಟಲು ಮಾಡತೊಡಗಿದರು. ಇಂದು ಅವರ ಬಟ್ಟಲುಗಳನ್ನೂ ಜನ ಹುಡುಕಿ ಕೊಳ್ಳುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಭಾಗ ಇದು.

ಇಷ್ಟೆಲ್ಲ ಪೆಟ್ಟಿಗೆ ಪುರಾಣ ಹೇಳಿದ ಮೇಲೆ ಒಂದು ಲೆಕ್ಕ ನಿಮ್ಮ ಮುಂದಿಡುತ್ತೇನೆ. ಜಪಾನಿನಲ್ಲಿ ರಾಷ್ಟ್ರೀಯ ನಿಧಿ ಎಂದು ಘೋಷಿತವಾದ ಚಹಾ ಬಟ್ಟಲುಗಳು ಒಟ್ಟು 8. ಅವುಗಳಲ್ಲಿ 5 ಚೀನಾದವು, 1 ಕೊರಿಯಾದ್ದು. ಜಪಾನಿನಲ್ಲಿ ಮಾಡಿದ್ದು ಎರಡೇ ಎರಡು. ಇಂಥವರೇ ಮಾಡಿದರು ಎಂದು ಹೆಸರು ಹೇಳಬಹುದಾದದ್ದು ಒಂದೇ ಒಂದು: ಹೊನಾಮಿ ಕೊಯೆತ್ಸು ಮಾಡಿದ 'ಫುಜಿಸಾನ್'. ಅವನು ವೃತ್ತಿಯಲ್ಲಿ ಕುಂಬಾರನೇ ಅಲ್ಲ! ಕತ್ತಿಗಳ ಪರೀಕ್ಷೆ ಮತ್ತು ಮೆರುಗಿನ ಮನೆತನದವನು. ಪೆಟ್ಟಿಗೆಯ ಮೇಲೆ ಬರೆದದ್ದು ಅವನದೇ ಕೈ. ಮಗಳ ಮದುವೆಗೆ ಕೊಟ್ಟನೆಂದೂ, ಕಿಮೊನೊದ ತೋಳಿನಲ್ಲಿ ಸುತ್ತಿ ಕಳಿಸಿದನೆಂದೂ ಕಥೆ ಇದೆ.

ಕೊರಿಯಾದ ಆ ಒಂದು ಬಟ್ಟಲಿನ ಹೆಸರು ಕಿಜಾಯೆಮೊನ್. ಕುಂಬಾರನ ಹೆಸರಲ್ಲ, ಒಂದು ಕಾಲದಲ್ಲಿ ಇಟ್ಟುಕೊಂಡಿದ್ದ ಒಸಾಕಾದ ವ್ಯಾಪಾರಿಯ ಹೆಸರು. 16ನೇ ಶತಮಾನದಲ್ಲಿ ಕೊರಿಯಾದ ಯಾರೋ ಕುಂಬಾರ, ದಿನಕ್ಕೆ ಎಷ್ಟೋ ಬಟ್ಟಲು ತಿರುಗಿಸಿ ಎಸೆಯುತ್ತಿದ್ದವನು, ಮಾಡಿದ ಬಟ್ಟಲು. ಜನಸಾಮಾನ್ಯರ ಅನ್ನದ ಬಟ್ಟಲು ಅಂತಲೇ ಬಹಳ ಜನ ನಂಬಿದ್ದಾರೆ. ಮೆರುಗು ಅಲ್ಲಲ್ಲಿ ಬಿಟ್ಟಿದೆ, ಪಾದದ ಸುತ್ತ ಮೀನಿನ ಚರ್ಮದಂತೆ ಗಂಟುಕಟ್ಟಿದೆ, ಅಂಚಿನಲ್ಲಿ ದುರಸ್ತಿಯ ಗುರುತಿದೆ. ಇದನ್ನು ಇಟ್ಟುಕೊಂಡವರಿಗೆ ಮೈಯೆಲ್ಲ ಕುರು ಏಳುತ್ತದೆ ಎಂಬ ಶಾಪದ ಕಥೆ ಹಬ್ಬಿತ್ತು. ಮತ್ಸುಎ ಪ್ರಾಂತದ ದೊರೆ ಮತ್ಸುದೈರಾ ಫುಮಾಯ್ ಇದನ್ನು 550 ರ್ಯೋ ಚಿನ್ನದ ನಾಣ್ಯ ಕೊಟ್ಟು ಕೊಂಡ, ಅವನಿಗೂ ಕುರು ಎದ್ದಿತಂತೆ. ಕೊಟ್ಟುಬಿಡಿ ಎಂದು ಹೆಂಡತಿ ಗೋಗರೆದರೂ ಅವನು ಬಿಡಲಿಲ್ಲ. ಅವನು ಸತ್ತ ಮೇಲೆ ಅದು ಕ್ಯೋತೋದ ದೈತೊಕುಜಿ ಮಠದ ಕೊಹೋ-ಆನ್‌ಗೆ ಸೇರಿತು, ಇಂದಿಗೂ ಅಲ್ಲೇ ಇದೆ. 1931ರಲ್ಲಿ ಕಲಾ ಚಿಂತಕ ಯನಾಗಿ ಸೊಯೆತ್ಸು ಅದನ್ನು ನೋಡಿದರು. ಪೆಟ್ಟಿಗೆಯೊಳಗೆ ಪೆಟ್ಟಿಗೆ ತೆಗೆದು, ರೇಷ್ಮೆ ಬಿಚ್ಚಿ ನೋಡಿದರೆ ಇಷ್ಟು ಸಾಧಾರಣವೇ ಎನಿಸಿತಂತೆ. ಆ ಸಾಧಾರಣತನವೇ ಅದರ ಹೆಚ್ಚುಗಾರಿಕೆ ಎಂಬುದು ಅವರ ವಾದವಾಯಿತು.

ಹೆಸರಿಲ್ಲದವನ ಅನ್ನದ ಬಟ್ಟಲು ರಾಷ್ಟ್ರೀಯ ನಿಧಿ, ಹೆಸರಿದ್ದವನ ಬಟ್ಟಲು ಪೆಟ್ಟಿಗೆ ಇಲ್ಲದಿದ್ದರೆ ಅರ್ಧ ಬೆಲೆಗೂ ಹೋಗದು. ವಿಚಿತ್ರ ಅಲ್ಲವೇ? ಆದರೆ ಗಮನಿಸಿ, ಮೊದಲು ಯಾರೋ ಚಹಾದವನು ರಾಶಿಯ ನಡುವಿನಿಂದ ಆ ಬಟ್ಟಲನ್ನು ಕೈಗೆತ್ತಿಕೊಂಡ. ಪೆಟ್ಟಿಗೆಗಳೆಲ್ಲ ಆಮೇಲೆ ಬಂದವು. ಸಂಗ್ರಹಕ್ಕೆ ಇಳಿಯುವವರಿಗೆ ನಾನು ಹೇಳುವುದೂ ಇದೇ ಕ್ರಮ. ಬಟ್ಟಲು ಮೊದಲು, ಪೆಟ್ಟಿಗೆ ಆಮೇಲೆ.

ಕೈಗೆತ್ತಿಕೊಂಡು ಏನು ನೋಡಬೇಕು? ಉಂಗುರ, ಬಳೆ, ವಾಚ್ ತೆಗೆದಿಡಿ. ಕುಳಿತುಕೊಂಡು, ಮೇಜಿಗೆ ಹತ್ತಿರದಲ್ಲೇ ಹಿಡಿಯಿರಿ. ನಮ್ಮೂರ ಸಂತೆಯಲ್ಲಿ ಅಜ್ಜಿಯರು ಗಡಿಗೆಯನ್ನು ಬೆರಳಿನಿಂದ ಟಣ್ ಎಂದು ತಟ್ಟಿ ಕೊಳ್ಳುತ್ತಿದ್ದರಲ್ಲ, ಅದನ್ನು ಇಲ್ಲಿ ಮಾಡಬೇಡಿ, ಅಂಗಡಿಯವನಿಗೆ ಜೀವ ಹೋದಂತಾಗುತ್ತದೆ. ತೂಕ ನೋಡಿ. ಕಣ್ಣಿಗೆ ಕಂಡಷ್ಟು ಭಾರ ಕೈಗೆ ಇರಬಾರದು, ತೀರಾ ಹಗುರವಾಗಿದ್ದರೆ ಬಿಸಿ ಸುಡುತ್ತದೆ. ಅಂಚಿಗೆ ತುಟಿ ಒಪ್ಪುತ್ತದೆಯೇ ಊಹಿಸಿ. ಒಳಗಡೆ ಕಡೆಗೋಲು ಆಡಲು ಜಾಗ ಇದೆಯೇ, ತಳದಲ್ಲಿ ಕೊನೆಯ ಹನಿ ನಿಲ್ಲುವ ಪುಟ್ಟ ಗುಳಿ ಇದೆಯೇ ನೋಡಿ. ಆಮೇಲೆ ತಿರುಗಿಸಿ ಪಾದ ನೋಡಿ. ಜಪಾನಿಯಲ್ಲಿ ಕೊದಾಯ್. ಮೆರುಗು ಮುಚ್ಚದ ಹಸಿ ಮಣ್ಣು ಕಾಣುವುದು ಅಲ್ಲೇ, ಕುಂಬಾರನ ಚಾಕು ಹೇಗೆ ಓಡಿತು ಎಂಬುದು ಗೊತ್ತಾಗುವುದೂ ಅಲ್ಲೇ. ಹಾಗಿ ಬಟ್ಟಲಿನ ಪಾದದಲ್ಲಿ ಒಂದು ಕಚ್ಚು ಕಾಣಬಹುದು. ಒಡೆದದ್ದಲ್ಲ, ಬೇಕೆಂದೇ ಕತ್ತರಿಸಿದ್ದು.

ಪಾದದ ಮಹಿಮೆಗೆ ಅರಕಾವಾ ತೊಯೊಜೊ ಅವರ ಕಥೆ ಸಾಕು. ಬಿದಿರಿನ ಕಳಲೆಯ ಚಿತ್ರವಿದ್ದ ಒಂದು ಹಳೆಯ ಶಿನೊ ಬಟ್ಟಲನ್ನು 1930ರಲ್ಲಿ ಅವರು ನಗೋಯಾದಲ್ಲಿ ನೋಡಿದರು. ಶಿನೊ ಎಲ್ಲ ಸೆತೊ ಊರಿನದ್ದು ಎಂದು ಅಲ್ಲಿಯವರೆಗೆ ಪಂಡಿತರ ಮಾತು. ಪಾದಕ್ಕೆ ಅಂಟಿದ್ದ ಕೆಂಪು ಮಣ್ಣಿನ ಚೂರು ಸೆತೊ ಮಣ್ಣಿನಂತಿಲ್ಲವಲ್ಲ ಎಂದು ಅವರಿಗೆ ಅನುಮಾನ ಬಂತು. ಪಕ್ಕದ ಮಿನೊ ಸೀಮೆಯ ಬೆಟ್ಟ ಹತ್ತಿ ಹಳೆಯ ಆವಿಗೆಯ ಜಾಗ ಕೆದಕಿದರೆ ಅದೇ ಕಳಲೆ ಚಿತ್ರದ ಚೂರು ಕೈಗೆ ಬಂತು! ಶಿನೊ ಬಟ್ಟಲಿನ ಊರೇ ಬದಲಾಯಿತು. ಅವರು ಅಲ್ಲೇ ಆವಿಗೆ ಕಟ್ಟಿ, ಹಳೆಯ ಶಿನೊದ ಹದ ಹುಡುಕುತ್ತ 1985ರವರೆಗೆ ಬಾಳಿದರು.

ಬಿರುಕಿನ ಬಗ್ಗೆ ಹೆದರಿಕೆ ಬೇಡ, ಎಚ್ಚರ ಸಾಕು. ಮೆರುಗಿನಲ್ಲಿ ಮಾತ್ರ ಹೆಣೆದ ಜೇಡರಬಲೆಯಂಥ ಗೆರೆಗಳು ಸಹಜ. ಹಾಗಿ ಬಟ್ಟಲಿನಲ್ಲಿ ಆ ಗೆರೆಗಳೊಳಗೆ ಚಹಾ ಇಳಿದು ವರ್ಷಗಳ ಮೇಲೆ ಬಣ್ಣ ಬದಲಾಗುತ್ತದೆ, ಅದಕ್ಕೆ 'ಹಾಗಿಯ ಏಳು ಬದಲಾವಣೆ' ಎಂದು ಪ್ರೀತಿಯ ಹೆಸರೂ ಇದೆ. ಅಂಚಿನಿಂದ ಇಳಿದ ಆಳವಾದ ಸೀಳು ಬೇರೆ ಮಾತು. ಅರಗಿನಂಥ ಉರುಷಿ ಅಂಟಿನಿಂದ ಸೇರಿಸಿ ಚಿನ್ನದ ಪುಡಿ ಹಚ್ಚುವ ಕಿಂತ್ಸುಗಿ ದುರಸ್ತಿಯಿಂದ ಕೆಲವು ಬಟ್ಟಲು ಇನ್ನಷ್ಟು ಹೆಸರಾಗಿವೆ. ಕೊಯೆತ್ಸುವಿನ 'ಸೆಪ್ಪೋ' ಅಂಥದ್ದು. ಹಾಗಂತ ಈ ಕಾಲದ ಬಟ್ಟಲು ಒಡೆದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಅಂಟು ಮತ್ತು ಚಿನ್ನದ ಬಣ್ಣದಿಂದ ಮಾಡಿದ ದುರಸ್ತಿಯಲ್ಲಿ ಚಹಾ ಕುಡಿಯಬೇಡಿ. ನಮ್ಮ ನಗರಗಳಲ್ಲಿ 'ರಾಕು' ಎಂದು ಮಾರುವ, ಹೊಟ್ಟಿನ ಹೊಗೆಯಲ್ಲಿ ಕಪ್ಪಾಗಿಸಿದ ಮಿರಮಿರ ಪಾತ್ರೆ ಅಮೆರಿಕಾದಲ್ಲಿ ಬೆಳೆದ ಪದ್ಧತಿಯದ್ದು. ಚೆಂದ ಇರಬಹುದು, ಕ್ಯೋತೋದ ರಾಕು ಅಲ್ಲ. ಅದರಲ್ಲಿ ಕುಡಿಯಬಹುದೇ ಎಂದು ಕೇಳಿ ತಿಳಿದುಕೊಳ್ಳಿ.

ದುಡ್ಡಿನ ಮಾತು. ರಾಕು ಮನೆತನದ ಬಟ್ಟಲು ನಮ್ಮಂಥವರಿಗಲ್ಲ. 2016ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಎಣ್ಣೆಹನಿ ಚುಕ್ಕೆಗಳ ಒಂದು ಹಳೆಯ ಚೀನೀ ಬಟ್ಟಲು 1 ಕೋಟಿ 17 ಲಕ್ಷ ಡಾಲರಿಗೆ ಹೋಯಿತು, ಅದನ್ನು ಕೇಳಿ ಮರೆತುಬಿಡಿ. ಹಾಗಿ, ಕರಾತ್ಸು, ಮಾಶಿಕೊಗಳಲ್ಲಿ ಇನ್ನೂ ಹೆಸರು ಮಾಡುತ್ತಿರುವ ಕುಂಬಾರರ ಬಟ್ಟಲು ಕೆಲವು ಸಾವಿರ ಯೆನ್‌ಗಳಿಗೆ ಸಿಗುತ್ತದೆ. ಮಾಶಿಕೊದಲ್ಲಿ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ನವೆಂಬರ್ ಹೊತ್ತಿಗೆ, ಕುಂಬಾರಿಕೆಯ ಸಂತೆ ನಡೆಯುತ್ತದೆ. ಮಾಡಿದವರ ಕೈಯಿಂದಲೇ ಕೊಳ್ಳಬಹುದು. ಹತ್ತು ಬಟ್ಟಲಿನ ದುಡ್ಡಿನಲ್ಲಿ ಒಂದು ಒಳ್ಳೆಯದು ಕೊಳ್ಳಿ ಎಂಬುದು ಹಳಬರ ಸಲಹೆ, ನಾನೂ ಒಪ್ಪುತ್ತೇನೆ. ಜಪಾನಿಗೆ ಹೋಗುವವರು ಕ್ಯೋತೋದ ರಾಕು ಮ್ಯೂಸಿಯಂ ತಪ್ಪಿಸಬೇಡಿ. ಅಸಲಿ ರಾಕು ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡುವ ಕೂಟಗಳನ್ನು ಅದು ನಡೆಸಿಕೊಂಡು ಬಂದಿದೆ, ಮುಂಚೆ ವಿಚಾರಿಸಿ ಹೋಗಿ.

ಅಲ್ಲಿಗೆ ಹೋಗಲಾಗದವರಿಗೆ ಇಲ್ಲೇ ಒಂದು ದಾರಿ ಇದೆ. ದೆಹಲಿಯ ಗುರುಚರಣ್ ಸಿಂಗ್ 1919ರಲ್ಲೇ ಜಪಾನಿಗೆ ಹೋಗಿ ಕುಂಬಾರಿಕೆ ಕಲಿತವರು, ಯನಾಗಿ, ಹಮಾದಾ ಅವರ ಬಳಗವನ್ನು ಕಂಡವರು. ಪಾಂಡಿಚೇರಿಯಲ್ಲಿ 1971ರಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಆರಂಭಿಸಿದ ಇಬ್ಬರಲ್ಲಿ ಡೆಬೊರಾ ಸ್ಮಿತ್ ಜಪಾನಿನಲ್ಲಿ ಕಲಿತು ಬಂದವರು. ಆ ಎರಡು ಬೇರುಗಳಿಂದ ಬೆಳೆದ ಕುಂಬಾರರ ಕೆಲಸ ದೆಹಲಿ, ಚೆನ್ನೈ ಕಡೆಯ ಪ್ರದರ್ಶನಗಳಲ್ಲಿ ನೋಡಲು ಸಿಗುತ್ತದೆ. ಪಾದ ತಿರುಗಿಸಿ ನೋಡುವ ಅಭ್ಯಾಸಕ್ಕೆ ಅಷ್ಟು ಸಾಕು.

ತಂದ ಬಟ್ಟಲನ್ನು ಶೋಕೇಸಿನಲ್ಲಿ ಕೂಡಿಹಾಕಬೇಡಿ, ಬಳಸಿ. ಮೊದಲ ಸಲ ಬಳಸುವ ಮುನ್ನ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿಡಿ. ಹೊಸ ಹಾಗಿ ಬಟ್ಟಲು ಸಣ್ಣಗೆ ಜಿನುಗಿದರೆ ಗಾಬರಿ ಬೇಡ. ಅಲ್ಲಿಯವರು ಅಕ್ಕಿ ತೊಳೆದ ನೀರಿನಲ್ಲಿ, ನಮ್ಮ ಅಕ್ಕಚ್ಚಿನಲ್ಲಿ, ಇಟ್ಟು ಸಣ್ಣ ಉರಿಯಲ್ಲಿ ಕಾಯಿಸಿ ರಂಧ್ರ ಮುಚ್ಚಿಸುತ್ತಾರೆ. ಎತ್ತರದ ಬಟ್ಟಲು ಚಳಿಗಾಲಕ್ಕೆ, ಬಾಯಿ ಅಗಲದ ತಟ್ಟೆಯಂಥದ್ದು ಬೇಸಿಗೆಗೆ ಎಂದು ಲೆಕ್ಕ. ಚೆನ್ನೈ ಕೇಳುಗರು ಎರಡನೆಯದನ್ನೇ ಕೊಂಡರೆ ವರ್ಷಪೂರ್ತಿ ಬಳಸಬಹುದು! ಸಾಬೂನು, ಮೈಕ್ರೋವೇವ್, ಡಿಶ್‌ವಾಷರ್ ಯಾವುದೂ ಬೇಡ, ಬರೀ ನೀರು. ತೊಳೆದ ಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವಲ್ಲಿ ಮೂರ್ನಾಲ್ಕು ದಿನ ಬಿಟ್ಟು, ಆಮೇಲೆ ಪೆಟ್ಟಿಗೆಗೆ. ಮುಂಬಯಿ ಮಳೆಗಾಲದಲ್ಲಾದರೆ ಒಂದು ವಾರವಾದರೂ ಬಿಡಿ. ಒದ್ದೆ ಪಾದದ ಬಟ್ಟಲನ್ನು ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಎರಡಕ್ಕೂ ಬೂಷ್ಟು ಹಿಡಿಯುತ್ತದೆ, ಮುಚ್ಚಳದ ಮೇಲಿನ ಶಾಯಿಯೂ ಕದಡೀತು.